ಎತ್ತಿಕೊಂಡ ಕಂದ, ಹಿಡಿದುಕೊಂಡ ಬೆನ್ನು



ಮನೆಗೆ ಪಾಪು ಬಂದಿದೆ. ಊರಿನಿಂದ ಬಂದಿದ್ದ ಅಮ್ಮ ಬಾಣಂತನ ಮುಗಿಸಿ ವಾಪಸ್ ಹೊರಟಿದ್ದಾರೆ. ಯಜಮಾನರು ಬೆಳಿಗ್ಗೆ ಲೋಕಲ್ ಹಿಡಿದರೆ ಮತ್ತೆ ಮುಖ ಕಾಣುವುದು ರಾತ್ರಿಯೇ. ಫ್ಲಾಟಿನಲ್ಲಿ ಉಳಿದವರು ಮೂವರು: ನೀವು, ಪಾಪು ಮತ್ತು ನಿಮ್ಮ ಬೆನ್ನುನೋವು!

ಫೋನಿನಲ್ಲಿ ಹೇಳಿಕೊಂಡರೆ "ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಕಣೇ" ಅನ್ನುತ್ತಾರೆ ಹಿರಿಯರು. "ಸಿಸೇರಿಯನ್ ಮಾಡುವಾಗ ಬೆನ್ನಿಗೆ ಇಂಜೆಕ್ಷನ್ ಕೊಟ್ಟರಲ್ಲ, ಅದು ಜೀವನಪೂರ್ತಿ ಬಿಡಲ್ಲ" ಅನ್ನುತ್ತಾರೆ ಪಕ್ಕದ ಮನೆಯವರು. ಈ ಎರಡು ಮಾತು ಕೇಳಿ ಎಷ್ಟೋ ತಾಯಂದಿರು ನೋವನ್ನು ನುಂಗಿಕೊಂಡು ಸುಮ್ಮನಾಗುತ್ತಾರೆ. ಮೊದಲು ಆ ಇಂಜೆಕ್ಷನ್ ವಿಷಯವನ್ನೇ ನೋಡೋಣ.

ಸಿಸೇರಿಯನ್ ಹೊತ್ತಿನಲ್ಲಿ ಅರಿವಳಿಕೆಗಾಗಿ ಸೊಂಟದ ಹತ್ತಿರ ಬೆನ್ನಿನೊಳಕ್ಕೆ ತೆಳುವಾದ ಸೂಜಿ ಹಾಕುತ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಆದರೆ ಈ ಅರಿವಳಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ, ತಿಂಗಳುಗಟ್ಟಲೆ ಕಾಡುವ ಬೆನ್ನುನೋವಿಗೂ ಇಂಜೆಕ್ಷನ್ನಿಗೂ ಸಂಬಂಧ ಕಂಡುಬಂದಿಲ್ಲ. ಇಂಜೆಕ್ಷನ್ನೇ ಇಲ್ಲದೆ ನಾರ್ಮಲ್ ಆಗಿ ಹೆತ್ತವರಿಗೂ ಬೆನ್ನು ನೋಯುತ್ತದಲ್ಲ!

ಹಾಗಾದರೆ ನೋವು ಎಲ್ಲಿಂದ ಬಂತು?

ನಮ್ಮ ಬೆನ್ನನ್ನು ಮುಂದಿನಿಂದ ಹಿಡಿದು ನಿಲ್ಲಿಸುವುದು ಹೊಟ್ಟೆಯ ಸ್ನಾಯುಗಳು. ಒಂಬತ್ತು ತಿಂಗಳು ಹಿಗ್ಗಿದ ಈ ಸ್ನಾಯುಗಳು ಹೆರಿಗೆಯಾದ ಕೂಡಲೇ ಬಿಗಿಯಾಗುವುದಿಲ್ಲ. ಬಸಿರಿನಲ್ಲಿ ಸಡಿಲವಾದ ಸೊಂಟದ ಕೀಲುಗಳೂ ಮೊದಲಿನಂತಾಗಲು ಸಮಯ ಬೇಡುತ್ತವೆ. ಇತ್ತ ಹೊರೆ ದಿನೇ ದಿನೇ ಏರುತ್ತದೆ. ಹುಟ್ಟುವಾಗ 3 ಕಿಲೋ ಇದ್ದ ಕೂಸು ಐದು ತಿಂಗಳಿಗೆ ಸುಮಾರು 6 ಕಿಲೋ, ವರ್ಷ ತುಂಬುವಾಗ 9 ಕಿಲೋ ಆಗುತ್ತದೆ. ಎಳೆಗೂಸಿಗೆ ದಿನಕ್ಕೆ 8ರಿಂದ 12 ಸಲ ಹಾಲೂಡಿಸಬೇಕು. ಸಲಕ್ಕೆ 20 ನಿಮಿಷ ಅಂದುಕೊಂಡರೂ ಎರಡೂವರೆ ತಾಸಿನಿಂದ ನಾಲ್ಕು ತಾಸು ಕತ್ತು ಬಗ್ಗಿಸಿ ಕೂತಂತಾಯಿತು. ಬೆನ್ನು ದೂರು ಹೇಳದೆ ಇನ್ನೇನು ಮಾಡೀತು ಹೇಳಿ?

ಕಾರಣ ಇದಾದರೆ ಪರಿಹಾರವೂ ನಮ್ಮ ಮನೆಯಲ್ಲೇ ಇದೆ.

ಎತ್ತುವಾಗ: ನಿಂತಲ್ಲೇ ಸೊಂಟ ಬಗ್ಗಿಸಿ, ಕೈ ಚಾಚಿ ಮಗುವನ್ನು ಎತ್ತಬೇಡಿ. ಭಾರ ಮೈಯಿಂದ ದೂರವಾದಷ್ಟೂ ಸೊಂಟದ ಮೇಲಿನ ಒತ್ತಡ ಹಲವು ಪಟ್ಟು ಹೆಚ್ಚುತ್ತದೆ. ಹತ್ತಿರ ಹೋಗಿ, ಒಂದು ಮಂಡಿಯೂರಿ, ಮಗುವನ್ನು ಎದೆಗೆ ಒತ್ತಿ ಹಿಡಿದು, ಉಸಿರು ಬಿಡುತ್ತಾ ಕಾಲಿನ ಬಲದಿಂದ ಏಳಿ. ಎತ್ತಿಕೊಂಡು ತಿರುಗಬೇಕಾದರೆ ಸೊಂಟ ತಿರುಚದೆ ಪಾದ ತಿರುಗಿಸಿ. ನೆಲದ ಹಾಸಿಗೆಯಲ್ಲಿ ಮಲಗಿಸುವವರಿಗೆ ಈ ಅಭ್ಯಾಸ ತುಂಬಾ ಮುಖ್ಯ.

ಹಾಲೂಡಿಸುವಾಗ: ನೀವು ಮಗುವಿನ ಕಡೆ ಬಾಗಬೇಡಿ, ಮಗುವನ್ನು ನಿಮ್ಮ ಎತ್ತರಕ್ಕೆ ತನ್ನಿ. ಬೆನ್ನ ಹಿಂದೆ ಒಂದು ದಿಂಬು, ತೊಡೆಯ ಮೇಲೆ ಒಂದು ದಿಂಬು, ಕಾಲ ಕೆಳಗೊಂದು ಮಣೆ. ಇಷ್ಟಾದರೆ ಸಾಕು, ವಿಶೇಷ ದಿಂಬು ಕೊಳ್ಳಲೇಬೇಕೆಂದಿಲ್ಲ.

ಸ್ನಾನ ಮಾಡಿಸುವಾಗ: ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಹಾಕಿಕೊಂಡು ಎರೆಯುವುದು ನಮ್ಮ ಪದ್ಧತಿ. ಅನುಭವಿ ಅಜ್ಜಿಯರ ಕೈಗೆ ಅದು ಸಲೀಸು. ಆದರೆ ಸಡಿಲಗೊಂಡ ಸೊಂಟಕ್ಕೂ, ಅರವತ್ತು ದಾಟಿದ ಅಜ್ಜಿಯ ಸೊಂಟಕ್ಕೂ ಅದು ಕಷ್ಟವೇ. ಬಾತ್‌ರೂಮಿನಲ್ಲಿ ಗಟ್ಟಿ ಸ್ಟೂಲಿನ ಮೇಲೆ ಕೂತು, ಮಗುವಿಗೆ ಟಬ್ಬಿನಲ್ಲಿ ಎರೆಯಬಹುದು. ತುಂಬಿದ ಬಕೆಟ್ ಎತ್ತುವ ಕೆಲಸ ಬೇರೆಯವರಿಗೆ ಬಿಡಿ.

ಬಟ್ಟೆ ಬದಲಿಸುವಾಗ: ಸೊಂಟದೆತ್ತರದ ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ ಬದಲಿಸಿದರೆ ಬಗ್ಗುವ ಗೋಜಿಲ್ಲ. ಆದರೆ ಒಂದು ಕೈ ಸದಾ ಮಗುವಿನ ಮೇಲಿರಲಿ. ಬಾಗಿಲ ಬೆಲ್ ಆದರೆ ಮಗುವನ್ನು ಎತ್ತಿಕೊಂಡೇ ಹೋಗಿ.

ಹೊರುವಾಗ: ಬಲಗೈಗೆ ಕೆಲಸ ಬೇಕೆಂದು ಸದಾ ಎಡಸೊಂಟದ ಮೇಲೇ ಕೂಸನ್ನು ಕೂರಿಸಿಕೊಳ್ಳುವವರೇ ಹೆಚ್ಚು. ಆಗಾಗ ಪಕ್ಕ ಬದಲಿಸಿ.

ಇನ್ನು ವ್ಯಾಯಾಮ. ಜಿಮ್ ಬೇಡ, ಒಂದು ಚಾಪೆ ಸಾಕು. ಅಂಗಾತ ಮಲಗಿ ಮಂಡಿ ಮಡಚಿ, ಉಸಿರು ಬಿಡುತ್ತಾ ಹೊಕ್ಕಳನ್ನು ಒಳಗೆಳೆದು ಸೊಂಟವನ್ನು ಚಾಪೆಗೆ ಒತ್ತಿ ಐದು ಎಣಿಸಿ ಬಿಡಿ. ಹತ್ತು ಸಲ ಸಾಕು. ಆಮೇಲೆ ಅದೇ ಭಂಗಿಯಲ್ಲಿ ಸೊಂಟವನ್ನು ನಿಧಾನವಾಗಿ ಮೇಲೆತ್ತಿ ಇಳಿಸಿ. ಕೊನೆಗೆ ನಾಲ್ಕು ಕಾಲಿನ ಮೇಲೆ ನಿಂತ ಬೆಕ್ಕಿನಂತೆ ಬೆನ್ನನ್ನು ಕಮಾನು ಮಾಡಿ ಇಳಿಸಿ. ರೇಡಿಯೋದಲ್ಲಿ ಎರಡು ಹಾಡು ಮುಗಿಯುವಷ್ಟರಲ್ಲಿ ಮೂರೂ ಮುಗಿಯುತ್ತವೆ! ಸಿಸೇರಿಯನ್ ಆದವರು ಶುರು ಮಾಡುವ ಮೊದಲು ಡಾಕ್ಟರರನ್ನು ಕೇಳಿ, ಆರು ವಾರ ಮಗುವಿಗಿಂತ ಭಾರದ ವಸ್ತು ಎತ್ತಬೇಡಿ. ಹೊಟ್ಟೆ ಕರಗಲಿ ಅಂತ ಅವಸರದಿಂದ ಸಿಟ್-ಅಪ್ ಮಾಡುವುದು ಯಾರಿಗೂ ಬೇಡ. ಹೊಟ್ಟೆಗೆ ಸೀರೆ ಸುತ್ತುವುದು ಸ್ವಲ್ಪ ಆಸರೆ ಕೊಟ್ಟೀತು, ಆದರೆ ಸ್ನಾಯುವಿಗೆ ಶಕ್ತಿ ಬರುವುದು ಕೆಲಸ ಕೊಟ್ಟಾಗಲೇ.

ದಿನವಿಡೀ ಮಲಗಿದರೆ ಬೆನ್ನು ಇನ್ನಷ್ಟು ಬಿಗಿಯುತ್ತದೆ. ಬಿಸಿನೀರಿನ ಚೀಲದ ಶಾಖ ಕೊಡಿ, ಸೊಸೈಟಿಯ ಅಂಗಳದಲ್ಲಿ ಒಂದಿಷ್ಟು ನಡೆಯಿರಿ. ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆಯನ್ನು ಕೇಳದೆ ನುಂಗಬೇಡಿ. ಹಾಲೂಡಿಸುವವರಿಗೆ ಹೊಂದುವ ನೋವಿನ ಮಾತ್ರೆಗಳಿವೆ, ಡಾಕ್ಟರರೇ ಹೇಳುತ್ತಾರೆ.

ಕೆಲವು ಲಕ್ಷಣ ಕಂಡರೆ ಮಾತ್ರ ಕಾಯುವಂತಿಲ್ಲ. ಕಾಲಿನಲ್ಲಿ ಶಕ್ತಿ ಕುಗ್ಗುವುದು, ತೊಡೆಸಂದಿಯಲ್ಲಿ ಜೋಮು, ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು, ಬೆನ್ನುನೋವಿನ ಜೊತೆ ಜ್ವರ. ಇವಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ವಾರಗಟ್ಟಲೆ ನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು, ಪರೀಕ್ಷೆ ಮಾಡಿಸಿ. ಇದ್ಯಾವುದೂ ಇಲ್ಲದೆ ನೋವು ಆರು ವಾರ ದಾಟಿದರೂ ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ.

ಕೊನೆಯ ಮಾತು ಮನೆಯ ಗಂಡಸರಿಗೆ. ಹಾಲೂಡಿಸುವುದೊಂದು ಬಿಟ್ಟರೆ ಎತ್ತುವುದು, ಎರೆಯುವುದು, ತೇಗಿಸುವುದು, ತೂಗುವುದು ಎಲ್ಲ ನಿಮಗೂ ಬರುತ್ತದೆ. ರಾತ್ರಿ ಮಗು ಎದ್ದಾಗ ತೊಟ್ಟಿಲಿನಿಂದ ಎತ್ತಿ ಅವಳ ಕೈಗೆ ಕೊಡಿ, ಕುಡಿದ ಮೇಲೆ ನೀವೇ ವಾಪಸ್ ಮಲಗಿಸಿ. ಅಷ್ಟರಿಂದಲೇ ಅವಳ ಬೆನ್ನಿಗೆ ರಾತ್ರಿಗೆ ಏಳೆಂಟು ಸಲ ಬಗ್ಗುವುದು ತಪ್ಪುತ್ತದೆ. ಅಮ್ಮ ಊರಿಗೆ ಹೋದ ಮೇಲೆ ಬಾಣಂತನ ನಿಮ್ಮದೇ ಅಲ್ಲವೇ?