ದುರ್ಗದ ರೈಲು: ಎಲ್ಲಿಗೆ ಬಂತೋ ಸಂಗಯ್ಯ?

ರಾತ್ರಿ ಹತ್ತರ ಮೇಲೆ ದಾವಣಗೆರೆ ಬಸ್ ನಿಲ್ದಾಣದಲ್ಲಿ ನಿಂತರೆ ಕಂಡಕ್ಟರ್ ಕೂಗು ಕೇಳುತ್ತದೆ. ‘ದುರ್ಗ, ಹಿರಿಯೂರು, ಶಿರಾ, ತುಮ್ಕೂರು, ಬೆಂಗ್ಳೂರ್... ಬೆಂಗ್ಳೂರ್!’ ಇದೇ ಊರುಗಳು, ಇದೇ ಸಾಲಿನಲ್ಲಿ, ದಿಲ್ಲಿಯ ರೈಲ್ವೆ ಕಡತದಲ್ಲೂ ಇವೆ. 2011ರಿಂದ ಇವೆ. ವ್ಯತ್ಯಾಸ ಇಷ್ಟೇ: ಬಸ್ಸು ಕೂಗಿದ ಅರ್ಧ ಗಂಟೆಗಾದರೂ ಹೊರಡುತ್ತದೆ. ರೈಲು 2024ನೇ ಇಸವಿ ಮುಗಿದಾಗಲೂ ಹೊರಟಿರಲಿಲ್ಲ.

ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ರೈಲು ದಾರಿಗೆ ಮಂಜೂರಾತಿ ಸಿಕ್ಕಿದ್ದು 2011-12ರ ರೈಲ್ವೆ ಬಜೆಟ್ಟಿನಲ್ಲಿ. ಆಗ ರೈಲ್ವೆ ಮಂತ್ರಿ ಮಮತಾ ಬ್ಯಾನರ್ಜಿ, ರಾಜ್ಯ ಮಂತ್ರಿ ನಮ್ಮವರೇ ಆದ ಕೋಲಾರದ ಕೆ.ಎಚ್. ಮುನಿಯಪ್ಪ. ಉದ್ದ 191 ಕಿಲೋಮೀಟರ್. ಅಂದು ಪೇಟೆಯಲ್ಲಿ ಸಿಹಿ ಹಂಚಿದವರ ಮಕ್ಕಳು ಈಗ ಕಾಲೇಜು ಮುಗಿಸಿ, ಅದೇ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಹೋಗುವಷ್ಟು ದೊಡ್ಡವರಾಗಿದ್ದಾರೆ.

ಈ ದಾರಿ ಯಾಕೆ ಬೇಕು ಅನ್ನೋದಕ್ಕೆ ದೊಡ್ಡ ಭಾಷಣ ಬೇಕಿಲ್ಲ. ದಾವಣಗೆರೆಯಿಂದ ಬೆಂಗಳೂರಿಗೆ ರೈಲು ಹೋಗುವುದು ಚಿಕ್ಕಜಾಜೂರು, ಬೀರೂರು, ಕಡೂರು, ಅರಸೀಕೆರೆ, ತಿಪಟೂರು ಸುತ್ತಿ. ಒಟ್ಟು ಸುಮಾರು 326 ಕಿಲೋಮೀಟರ್. ಹೊಸ ದಾರಿಯಲ್ಲಾದರೆ 260ರ ಆಸುಪಾಸು, ಅಂದರೆ ಬಸ್ಸಿನ ದಾರಿಯಷ್ಟೇ. ಅರವತ್ತೈದು ಕಿಲೋಮೀಟರ್ ಉಳಿಯುತ್ತದೆ. 2023ರ ಜೂನ್‌ನಲ್ಲಿ ಶುರುವಾದ ಧಾರವಾಡದ ವಂದೇ ಭಾರತ್ ಬಂಡಿಗೂ ಈ ಸುತ್ತು ತಪ್ಪಲಿಲ್ಲ. ಎಂಜಿನ್ ಹೊಸದಾದರೇನು, ಹಳಿ ಹೋದ ಕಡೆಗೇ ಬಂಡಿ ಹೋಗಬೇಕು.

ಇನ್ನು ಚಿತ್ರದುರ್ಗದ ಕತೆ ಬೇರೆ. ಊರಿಗೆ ರೈಲು ನಿಲ್ದಾಣ ಇದೆ, ಇಲ್ಲ ಅನ್ನೋ ಹಾಗಿಲ್ಲ. ಆದರೆ ಅದು ಚಿಕ್ಕಜಾಜೂರು–ರಾಯದುರ್ಗದ ಕವಲು ದಾರಿಯಲ್ಲಿದೆ. ಬೆಂಗಳೂರಿಗೆ ಹೋಗಬೇಕಾದ ಬಂಡಿ ಮೊದಲು ಪಶ್ಚಿಮಕ್ಕೆ ಚಿಕ್ಕಜಾಜೂರಿಗೆ ಹೋಗಬೇಕು, ಅಲ್ಲಿಂದ ಕಡೂರು, ಅರಸೀಕೆರೆ. ಸುತ್ತಿ ಬಳಸಿ ಮೂಗು ಹಿಡಿದ ಹಾಗೆ. ಹಿರಿಯೂರು, ಶಿರಾ ಊರುಗಳಿಗಂತೂ ಹಳಿಯ ಸದ್ದೇ ಗೊತ್ತಿಲ್ಲ.

ಹಾಗಾದರೆ ತಡೆದದ್ದು ಯಾರು? ಬೆಟ್ಟ ಕೊರೆಯಬೇಕಿತ್ತೇ, ಸಮುದ್ರ ದಾಟಬೇಕಿತ್ತೇ? ಏನೂ ಇಲ್ಲ. ಬಹುಪಾಲು ಬಯಲು ಸೀಮೆ. ಗಂಟು ಇರುವುದು ದುಡ್ಡಿನಲ್ಲಿ. ದುಡ್ಡು ಇಲ್ಲ ಅಂತಲೂ ಅಲ್ಲ, ದುಡ್ಡು ಎರಡು ಮನೆಯದ್ದು ಅನ್ನೋದೇ ಗಂಟು.

ಅಂಗಡಿಯವರಿಗೆ ಅರ್ಥವಾಗುವ ಹಾಗೆ ಹೇಳಬಹುದು. ಇಬ್ಬರು ಸೇರಿ ಪಾಲಿನಲ್ಲಿ ಅಂಗಡಿ ಹಾಕುತ್ತಾರೆ ಅನ್ನಿ. ಬಂಡವಾಳ ಅರ್ಧರ್ಧ. ಜೊತೆಗೆ ಒಬ್ಬ ತನ್ನ ಜಾಗವನ್ನೂ ಪುಕ್ಕಟೆ ಕೊಡುತ್ತಾನೆ. ಆದರೆ ಬೋರ್ಡು ಇನ್ನೊಬ್ಬನದು, ಗಲ್ಲಾ ಪೆಟ್ಟಿಗೆ ಅವನದೇ, ಬಾಗಿಲು ಎಷ್ಟು ಹೊತ್ತಿಗೆ ತೆಗೆಯಬೇಕು ಅನ್ನುವುದೂ ಅವನದೇ ಮಾತು. ಈ ರೈಲು ದಾರಿ ಮಂಜೂರಾದದ್ದು ಇಂಥದೇ ಕರಾರಿನ ಮೇಲೆ. ಖರ್ಚಿನ ಅರ್ಧ ಕೇಂದ್ರದ ರೈಲ್ವೆ, ಅರ್ಧ ಕರ್ನಾಟಕ ಸರ್ಕಾರ, ಅದರ ಮೇಲೆ ಜಮೀನು ರಾಜ್ಯದ್ದು, ಪುಕ್ಕಟೆ. ಮುಂದೆ ಯಾವ ಬಂಡಿ ಓಡಬೇಕು, ಎಷ್ಟು ಗಂಟೆಗೆ, ಟಿಕೆಟ್ಟು ಎಷ್ಟು ಎಂದು ತೀರ್ಮಾನಿಸುವುದು ರೈಲ್ವೆ ಇಲಾಖೆ.

ಕರ್ನಾಟಕ ಇಂಥ ಕರಾರಿಗೆ ಯಾಕೆ ಒಪ್ಪಿತು? ಒಪ್ಪದಿದ್ದರೆ ದಾರಿಯೇ ಇಲ್ಲ. ಹೊಸ ಹಳಿ ಹಾಕಿದರೆ ಬಂಡವಾಳದ ಮೇಲೆ ವರ್ಷಕ್ಕೆ ನೂರಕ್ಕೆ 14ರಂತೆ ಹುಟ್ಟುವಳಿ ಬರಬೇಕು ಎಂಬುದು ಆಗ ರೈಲ್ವೆಯವರ ಕಟ್ಟಳೆ. ಜನ ಓಡಾಡುವ ದಾರಿಯಲ್ಲಿ ಅಷ್ಟು ಎಲ್ಲಿಂದ ಬರಬೇಕು ಸ್ವಾಮಿ? ರೈಲ್ವೆಗೆ ಲಾಭ ತರುವುದು ಅದಿರು, ಕಲ್ಲಿದ್ದಲು, ಸಿಮೆಂಟು. ಜನರನ್ನು ಸಾಗಿಸಿದರೆ ಖರ್ಚಿನಲ್ಲಿ ನೂರಕ್ಕೆ 57 ರೂಪಾಯಿ ಮಾತ್ರ ವಾಪಸು ಬರುತ್ತದೆಂದು ಇಲಾಖೆಯೇ ಟಿಕೆಟ್ಟಿನ ಮೇಲೆ ಅಚ್ಚು ಹಾಕಿಸಿತ್ತು. ಹೀಗಾಗಿ ‘ನೀವೂ ಅರ್ಧ ಹಾಕಿ, ಮಾಡೋಣ’ ಅನ್ನುವ ಪದ್ಧತಿ ಬಂತು. ಬೇಕಾದವರು ಒಪ್ಪಿದರು.

ಒಪ್ಪಿದ ಮೇಲೆ ಶುರುವಾಗುವುದು ಕಾಯುವ ಆಟ. ಜಮೀನು ಕೈಗೆ ಬರದೆ ರೈಲ್ವೆ ಟೆಂಡರು ಕರೆದು ಪ್ರಯೋಜನವಿಲ್ಲ. ಕೆಲಸ ಕಾಣದೆ ರಾಜ್ಯದ ಹಣಕಾಸು ಇಲಾಖೆಗೆ ದುಡ್ಡು ಬಿಡುಗಡೆ ಮಾಡುವ ಅವಸರವಿಲ್ಲ. ಮಾರ್ಚ್ 31 ಬಂದರೆ ಖರ್ಚಾಗದ ಹಣದ ಬಾಬತ್ತು ಮುಗಿಯಿತು, ಮುಂದಿನ ವರ್ಷ ಮತ್ತೆ ಮೊದಲಿನಿಂದ. ‘ಅವರು ಜಾಗ ಕೊಡಲಿಲ್ಲ’ ಎಂದು ಇವರು, ‘ಇವರು ದುಡ್ಡು ಕೊಡಲಿಲ್ಲ’ ಎಂದು ಅವರು. ಯಾವ ಪಕ್ಷ ಎಲ್ಲಿದ್ದರೂ ಡೈಲಾಗು ಬದಲಾಗಲಿಲ್ಲ, ಪಾತ್ರಧಾರಿಗಳು ಮಾತ್ರ ಬದಲಾದರು.

ಕಾಯುವುದಕ್ಕೆ ಬಡ್ಡಿ ಇಲ್ಲವೇ? ಇದೆ. ಬೀದರಿನವರನ್ನು ಕೇಳಿ. ಬೀದರ್–ಕಲಬುರಗಿ ದಾರಿ, 110 ಕಿಲೋಮೀಟರ್, ಅದೂ ಅರ್ಧರ್ಧ ಲೆಕ್ಕದ್ದೇ. ತೊಂಬತ್ತರ ದಶಕದ ಕೊನೆಯಲ್ಲಿ ಮಂಜೂರಾದಾಗ ಅಂದಾಜು ಸುಮಾರು 370 ಕೋಟಿ. ಬಂಡಿ ಓಡಿದ್ದು 2017ರ ಅಕ್ಟೋಬರ್ 29ರಂದು, ಪ್ರಧಾನಿ ಮೋದಿ ಬಂದು ಹಸಿರು ಬಾವುಟ ತೋರಿಸಿದಾಗ. ಅಷ್ಟು ಹೊತ್ತಿಗೆ ಖರ್ಚು 1,542 ಕೋಟಿ. ಒಂದಕ್ಕೆ ನಾಲ್ಕು! ಹಳಿ ಅದೇ, ಊರು ಅದೇ. ಹೆಚ್ಚಿನ ದುಡ್ಡಿನಲ್ಲಿ ದೊಡ್ಡ ಪಾಲು ತಿಂದದ್ದು ಕಾಲ.

ಹಾಸನದವರಿಗೂ ಇದೇ ಪಾಠ. ಬೆಂಗಳೂರು–ಹಾಸನ ದಾರಿಗೆ ದೇವೇಗೌಡರು ಪ್ರಧಾನಿಯಾಗಿದ್ದ 1996-97ರಲ್ಲಿ ಮಂಜೂರಾತಿ, 2017ರ ಮಾರ್ಚ್ 26ಕ್ಕೆ ಉದ್ಘಾಟನೆ. ಕಡೂರಿನಿಂದ ಚಿಕ್ಕಮಗಳೂರಿಗೆ ಬರೀ ನಲವತ್ತಾರು ಕಿಲೋಮೀಟರ್, ಅಲ್ಲಿಗೆ ರೈಲು ತಲುಪಿದ್ದು 2013ರಲ್ಲಿ. ಹಿಂದೆ ಮೈಸೂರು ರಾಜ್ಯದಲ್ಲಿ ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ರೈಲು ಬಂತು. ಅದು ಹರಿಹರ ಮುಟ್ಟಿದ್ದು 1889ರಲ್ಲಿ. ಐದೇ ವರ್ಷ, ಗುದ್ದಲಿ ಬುಟ್ಟಿಯ ಕಾಲದಲ್ಲಿ.

ಭೂಮಿಯ ಮಾತು

ಜಮೀನಿನ ವಿಷಯಕ್ಕೆ ಬಂದರೆ ರೈತರನ್ನು ದೂರುವವರು ಬಹಳ. ಅದು ಸಲ್ಲದು. ಮಂಜೂರಾತಿ ಸಿಕ್ಕಾಗ ಇದ್ದದ್ದು ಬ್ರಿಟಿಷರ 1894ರ ಕಾಯಿದೆ. 2014ರ ಜನವರಿ ಒಂದರಿಂದ ಹೊಸ ಕಾನೂನು ಬಂತು. ಹಳ್ಳಿ ಜಮೀನಿಗೆ ಮಾರುಕಟ್ಟೆ ಬೆಲೆಯನ್ನು ಎರಡು ಪಟ್ಟಿನ ತನಕ ಹಿಡಿದು, ಅದರ ಮೇಲೆ ಅಷ್ಟೇ ಮೊತ್ತ ಸಾಂತ್ವನ ಧನ. ಮೂರು ಜಿಲ್ಲೆಯಲ್ಲಿ ತೆಂಗು, ಅಡಿಕೆ, ಈರುಳ್ಳಿ ಬೆಳೆಯುವ ನೆಲದ ನಡುವೆ ಗೀಟು ಎಳೆದು, ಸರ್ವೆ ಕಲ್ಲು ನೆಟ್ಟು, ವರ್ಷಗಟ್ಟಲೆ ‘ಇಂದು ಬಿಡಿ, ನಾಳೆ ಬಿಡಿ’ ಅಂದರೆ ರೈತ ಏನು ಮಾಡಬೇಕು? ಬೋರು ಕೊರೆಸುವ ಹಾಗಿಲ್ಲ, ಮಾರುವ ಹಾಗಿಲ್ಲ. ಮೊದಲೇ ತೆಗೆದುಕೊಂಡಿದ್ದರೆ ಸರ್ಕಾರಕ್ಕೆ ಅಗ್ಗ ಬೀಳುತ್ತಿತ್ತು ನಿಜ, ರೈತನಿಗೆ ಅಷ್ಟೇ ಕಡಿಮೆ ಸಿಗುತ್ತಿತ್ತು ಅನ್ನುವುದೂ ನಿಜ. ತಡವಾದದ್ದರಿಂದ ಲಾಭ ಕಂಡವನು ಯಾರಾದರೂ ಇದ್ದರೆ ಅವನೊಬ್ಬ, ಅದೂ ಪರಿಹಾರ ಪೂರ್ತಿ ಕೈಗೆ ಬಂದರೆ.

ಈಗ ಈ ದಾರಿಯ ಖರ್ಚು ಎರಡು ಸಾವಿರ ಕೋಟಿ ದಾಟಿದೆ. ಕಿಲೋಮೀಟರಿಗೆ ಹತ್ತು ಕೋಟಿಯ ಮೇಲಾಯಿತು. 2024ರ ಜೂನ್‌ನಲ್ಲಿ ತುಮಕೂರಿನ ಸಂಸದ ವಿ. ಸೋಮಣ್ಣನವರೇ ರೈಲ್ವೆ ರಾಜ್ಯ ಮಂತ್ರಿಯಾದರು. ಆಮೇಲೆ ಕಡತಕ್ಕೆ ಕಾಲು ಬಂದಿದೆ ಅನ್ನುವ ಮಾತು ಪೇಟೆಯಲ್ಲಿದೆ. ಕಾಲು ಬಂದರೆ ಸಾಲದು, ಚಕ್ರ ಬೇಕು.

ರಾಜ್ಯ ಸರ್ಕಾರಕ್ಕೂ ಒಂದು ಇಕ್ಕಟ್ಟಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆ ದುಡ್ಡನ್ನು ಬಸ್ ನಿಗಮಕ್ಕೆ ತುಂಬಿಕೊಡಬೇಕಾದದ್ದು ಇದೇ ಬೊಕ್ಕಸ. ನಾಳೆ ಅದೇ ಬಸ್ಸಿನ ಪಕ್ಕದಲ್ಲಿ ಓಡುವ ರೈಲಿಗೆ ಅರ್ಧ ಬಂಡವಾಳ ಹಾಕಬೇಕಾದದ್ದೂ ಇದೇ ಬೊಕ್ಕಸ. ಇತ್ತ ಟಿಕೆಟ್ ಕೊಂಡು ಹೋಗುವ ಗಂಡಸಿಗೆ 2025ರ ಜನವರಿಯಲ್ಲಿ ಬಸ್ ದರ ನೂರಕ್ಕೆ ಹದಿನೈದು ಏರಿತು. ಚಿಕ್ಕಪೇಟೆಗೆ ಹೋಗಿ ಜವಳಿ ತರುವ ದುರ್ಗದ ವ್ಯಾಪಾರಿ ಆ ಏರಿಕೆಯನ್ನು ಪಂಚೆಯ ಮೇಲೋ ಸೀರೆಯ ಮೇಲೋ ಹಾಕಲೇಬೇಕು. ರೈಲು ಇದ್ದಿದ್ದರೆ ಬೆಳಗಿನ ಬಂಡಿಗೆ ಹೋಗಿ ರಾತ್ರಿ ಬಂಡಿಗೆ ಬರಬಹುದಿತ್ತು, ಒಂದು ಮೂಟೆ ಜೊತೆಗೇ.

ರೈಲ್ವೆ ಬಜೆಟ್ಟು ಅಂತ ಬೇರೆ ಈಗಿಲ್ಲ, 2017ರಲ್ಲೇ ಅದನ್ನು ದೊಡ್ಡ ಬಜೆಟ್ಟಿನೊಳಗೆ ಸೇರಿಸಿದರು. ಫೆಬ್ರವರಿ ಒಂದಕ್ಕೆ ಭಾಷಣ. ಭಾಷಣದಲ್ಲಿ ನಮ್ಮ ದಾರಿಯ ಹೆಸರು ಬರುವುದಿಲ್ಲ, ಟೀವಿ ಮುಂದೆ ಕೂತು ಕಾಯಬೇಡಿ. ಅದರ ಹಿಂದೆ ರೈಲ್ವೆಯವರು ಗುಲಾಬಿ ಪುಸ್ತಕ ಅಂತ ಒಂದನ್ನು ಹೊರಡಿಸುತ್ತಾರೆ, ಯಾವ ಕಾಮಗಾರಿಗೆ ಆ ವರ್ಷ ಎಷ್ಟು ಎಂಬ ಪಟ್ಟಿ. ತುಮಕೂರು–ಚಿತ್ರದುರ್ಗ–ದಾವಣಗೆರೆ ಎಂಬ ಸಾಲು ಹುಡುಕಿ ಎದುರಿನ ಅಂಕಿ ಬರೆದಿಟ್ಟುಕೊಳ್ಳಬೇಕು. ಆಮೇಲೆ ವಿಧಾನಸೌಧದಲ್ಲಿ ಬಜೆಟ್ ಮಂಡನೆಯಾದಾಗ ರಾಜ್ಯದ ಪಾಲಿನ ಅಂಕಿಯನ್ನು ಅದರ ಪಕ್ಕ ಬರೆಯಬೇಕು. ಜಮಾ ಖರ್ಚು ನೋಡಿ ಅಭ್ಯಾಸ ಇದ್ದವರಿಗೆ ಇದು ಕಷ್ಟದ ಕೆಲಸವಲ್ಲ. ಎರಡು ಅಂಕಿ ಜೋಡಿಯಾಗದ ವರ್ಷ ಎಂಪಿ, ಎಂಎಲ್‌ಎ ಅಂಗಡಿ ಮುಂದೆ ಮಾತಾಡಿಸಲು ನಿಂತಾಗ ಆ ಚೀಟಿ ಗಲ್ಲಾ ಪೆಟ್ಟಿಗೆಯಲ್ಲಿ ಕೈಗೆ ಸಿಗುವ ಹಾಗಿರಲಿ.