ಕೊಳವಿಲ್ಲದೆ ಟ್ರಯಥ್ಲಾನ್ ಈಜಿಗೆ ತಾಲೀಮು

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತತೊಡಗಿದಾಗ, ಈಜುಕೊಳಗಳಿಗೆ ಕುಡಿಯುವ ನೀರು ಬಳಸಕೂಡದೆಂದು ಜಲಮಂಡಳಿ ಆದೇಶ ಹೊರಡಿಸಿತು. ಮೀರಿದವರಿಗೆ 5,000 ರೂಪಾಯಿ ದಂಡ. ಅದಕ್ಕೆ ನಾಲ್ಕು ವರ್ಷ ಮೊದಲು ಕೊರೊನಾ ಕಾಲದಲ್ಲಿ ದೇಶದ ಕೊಳಗಳೆಲ್ಲ ತಿಂಗಳುಗಟ್ಟಲೆ ಮುಚ್ಚಿದ್ದವು. ಟೋಕಿಯೊ ಒಲಿಂಪಿಕ್ಸ್‌ಗೆ ಸಿದ್ಧರಾಗುತ್ತಿದ್ದ ಬೆಂಗಳೂರಿನ ಶ್ರೀಹರಿ ನಟರಾಜ್ ಅಂಥವರೂ ನೀರಿನಿಂದ ದೂರ ಉಳಿಯಬೇಕಾಯಿತು. ಬರವೂ ಸೋಂಕೂ ಇಲ್ಲದ ವರ್ಷಗಳಲ್ಲಿ ಸಹ ನಮ್ಮ ಎಷ್ಟೋ ತಾಲ್ಲೂಕು ಕೇಂದ್ರಗಳಲ್ಲಿ ಈಜುಕೊಳ ಇರುವುದಿಲ್ಲ. ಆದರೆ ಟ್ರಯಥ್ಲಾನ್ ಹುರುಪು ಆ ಊರುಗಳನ್ನೂ ಮುಟ್ಟಿದೆ. ಗೋವಾದಲ್ಲಿ 2019ರಲ್ಲಿ ಶುರುವಾದ ಐರನ್‌ಮ್ಯಾನ್ 70.3 ಸ್ಪರ್ಧೆಯಲ್ಲಿ ಮೊದಲು ಸಮುದ್ರದಲ್ಲಿ 1.9 ಕಿ.ಮೀ. ಈಜಬೇಕು, ಆಮೇಲೆ 90 ಕಿ.ಮೀ. ಸೈಕಲ್, ಕೊನೆಗೆ 21.1 ಕಿ.ಮೀ. ಓಟ. ಸೈಕಲ್‌ಗೆ ಹೆದ್ದಾರಿ ಇದೆ, ಓಟಕ್ಕೆ ಊರ ಮೈದಾನ ಇದೆ. ಈಜಿಗೆ ಏನಿದೆ?

ಬಾವಿಯಲ್ಲೋ ಹೊಳೆಯಲ್ಲೋ ಈಜು ಕಲಿತು, ಈಗ ಕೊಳ ಸಿಗದೆ ಪರದಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಈಜೇ ಬಾರದವರಿಗೆ ಮನೆಯ ತಾಲೀಮಿನಿಂದ ಈಜು ಬರುವುದಿಲ್ಲ.

ನೀರಿಗಿಳಿಯದೆ ಈಜು ಬಾರದು ಎಂಬ ಹಿರಿಯರ ಮಾತಿಗೆ ಪ್ರಯೋಗಗಳ ಬೆಂಬಲವೂ ಇದೆ. 1975ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಕಾಲೇಜು ಹುಡುಗರಿಗೆ ಹತ್ತು ವಾರ ಈಜಿನ ತರಬೇತಿ ಕೊಟ್ಟರು. ಈಜುವಾಗ ಅಳೆದಾಗ ಅವರ ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಶೇ 11ರಷ್ಟು ಏರಿತ್ತು. ಅದೇ ಹುಡುಗರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದಾಗ ಏರಿಕೆ ಹೆಸರಿಗಷ್ಟೇ. ಹೃದಯ ಎಲ್ಲ ವ್ಯಾಯಾಮಕ್ಕೂ ಒಂದೇ. ಆದರೆ ರಕ್ತದಿಂದ ಆಮ್ಲಜನಕ ಹೀರಿ ಉರಿಸುವ ಕಸುಬು ದುಡಿದ ಸ್ನಾಯುವಿಗೆ ಮಾತ್ರ ದಕ್ಕುತ್ತದೆ. ಸೈಕಲ್ ತುಳಿದು ಗಟ್ಟಿಯಾದ ತೊಡೆಯಿಂದ ತೋಳಿಗೆ ಹೆಚ್ಚು ಲಾಭವಿಲ್ಲ. ಫ್ರೀಸ್ಟೈಲ್‌ನಲ್ಲಿ ದೇಹವನ್ನು ಮುಂದೊಯ್ಯುವ ಕೆಲಸದಲ್ಲಿ ಬಹುಪಾಲು ತೋಳಿನದು.

ಹಾಗಾದರೆ ಜಿಮ್‌ನಲ್ಲಿ ತೋಳಿನ ಬಲ ಹೆಚ್ಚಿಸಿಕೊಂಡರೆ ಸಾಕೇ? 1993ರಲ್ಲಿ ಹಿರೊಫುಮಿ ತನಾಕಾ, ಡೇವಿಡ್ ಕಾಸ್ಟಿಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ಈಜುಗಾರರ ಎರಡು ಗುಂಪುಗಳಿದ್ದವು. ಇಬ್ಬರಿಗೂ ಈಜಿನ ಅಭ್ಯಾಸ ಒಂದೇ. ಒಂದು ಗುಂಪು ಮಾತ್ರ ವಾರಕ್ಕೆ ಮೂರು ದಿನದಂತೆ ಎಂಟು ವಾರ ಭಾರ ಎತ್ತಿತು. ಅವರು ಎತ್ತಬಲ್ಲ ಭಾರ ಶೇ 25ರಿಂದ 35ರಷ್ಟು ಏರಿತು, ಈಜಿನ ವೇಗ ಮಾತ್ರ ಇನ್ನೊಂದು ಗುಂಪಿಗಿಂತ ಹೆಚ್ಚಲಿಲ್ಲ.

ಕಾರಣ ನೀರಿನ ಸ್ವಭಾವದಲ್ಲಿದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದು ಒಡ್ಡುವ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಆ ತಡೆಯನ್ನು ಮೀರಲು ಬೇಕಾದ ಶಕ್ತಿ ಹೆಚ್ಚೂಕಡಿಮೆ ವೇಗದ ಘನಕ್ಕೆ ಅನುಗುಣವಾಗಿ. ಶೇ 10ರಷ್ಟು ವೇಗ ಹೆಚ್ಚಬೇಕಾದರೆ ಶೇ 33ರಷ್ಟು ಹೆಚ್ಚು ಶಕ್ತಿ ಸುರಿಯಬೇಕು. ಹೀಗಾಗಿ ಹವ್ಯಾಸಿ ಈಜುಗಾರನಿಗೆ ಬಲ ಕೂಡಿಸುವುದಕ್ಕಿಂತ ತಡೆ ಕಳೆಯುವುದು ಅಗ್ಗ. ತಡೆ ಹುಟ್ಟುವುದು ಮುಖ್ಯವಾಗಿ ದೇಹ ಓರೆಯಾದಾಗ. ಹಿಂದೆ ಹಳ್ಳಿಯ ಹುಡುಗರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಇಳಿಯುತ್ತಿದ್ದರು. ನಮ್ಮ ಎದೆಗೂಡಿನೊಳಗಿನ ಶ್ವಾಸಕೋಶ ಅಂಥದೇ ಬುರುಡೆ. ತೇಲಿಸುವ ಬಲ ಎದೆಯ ಕಡೆ, ದೇಹದ ತೂಕದ ಕೇಂದ್ರ ಸೊಂಟದ ಕಡೆ. ಎರಡೂ ಒಂದೇ ಜಾಗದಲ್ಲಿಲ್ಲದ್ದರಿಂದ ಎದೆ ಮೇಲೇಳುತ್ತದೆ, ಕಾಲು ಮುಳುಗುತ್ತದೆ. ಉಸಿರಿಗೆಂದು ತಲೆ ಎತ್ತಿದರಂತೂ ಕಾಲು ಇನ್ನಷ್ಟು ಕೆಳಕ್ಕೆ. ಈ ಸಮತೋಲವನ್ನು ಚಾಪೆಯ ಮೇಲೆ ಕಲಿಯಲಾಗದು, ಏಕೆಂದರೆ ನೆಲ ನಮ್ಮನ್ನು ಮುಳುಗಗೊಡುವುದಿಲ್ಲ.

ಆದರೆ ಆ ಸಮತೋಲಕ್ಕೆ ಅಡ್ಡಬರುವ ಬಿಗಿ ಕೀಲುಗಳನ್ನು ಚಾಪೆಯ ಮೇಲೆ ಸಡಿಲಿಸಬಹುದು. ಮನೆಯ ತಾಲೀಮಿನ ನಿಜವಾದ ಬೆಲೆ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಓಟಗಾರರ ಪಾದದ ಕೀಲು ಬಿಗಿ. ನೀರಿನಲ್ಲಿ ಪಾದ ಹಿಂದಕ್ಕೆ ಚಾಚಿಕೊಳ್ಳದೆ ಲಂಬವಾಗಿ ನಿಂತರೆ ಅದು ಬ್ರೇಕಿನ ಕೆಲಸ ಮಾಡುತ್ತದೆ. ಹಲಗೆ ಹಿಡಿದು ಬರೀ ಕಾಲು ಬಡಿಯಲು ಹೇಳಿದರೆ ಅಂಥ ಕೆಲವರು ಇದ್ದಲ್ಲೇ ಇರುತ್ತಾರೆ, ಹಿಂದಕ್ಕೆ ಸರಿಯುವವರೂ ಇದ್ದಾರೆ. ಇದಕ್ಕೆ ಮದ್ದು ನಮ್ಮಲ್ಲೇ ಇದೆ: ವಜ್ರಾಸನ. ಹಿಮ್ಮಡಿಯ ಮೇಲೆ ಕೂತಾಗ ಪಾದದ ಮೇಲ್ಭಾಗ ನೆಲಕ್ಕೆ ಒತ್ತಿ, ಈಜಿಗೆ ಬೇಕಾದ ಆ ಚಾಚು ತಾನಾಗಿ ಬರುತ್ತದೆ. ದಿನಕ್ಕೆ ಐದಾರು ನಿಮಿಷ ಕೂತರೂ ತಿಂಗಳುಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಮಂಡಿನೋವಿದ್ದವರು ಹಿಮ್ಮಡಿಯ ಮೇಲೆ ದಿಂಬಿಟ್ಟುಕೊಳ್ಳಲಿ, ಆಗಲೂ ನೋವಾದರೆ ಬಿಡಲಿ. ಭುಜಕ್ಕೆ, ಬೆನ್ನಿನ ಮೇಲ್ಭಾಗಕ್ಕೆ ಭುಜಂಗಾಸನ. ಗೋಡೆಗೆ ಬೆನ್ನು ಹಚ್ಚಿ, ಸೊಂಟ ಬಿಲ್ಲಾಗದಂತೆ ಎರಡೂ ತೋಳು ಕಿವಿಯ ಪಕ್ಕ ನೇರ ನಿಲ್ಲುವವರೆಗೆ ಅಭ್ಯಾಸ ನಿಲ್ಲಿಸಬೇಡಿ. ನೀರಿನಲ್ಲಿ ತೋಳು ಮುಂದಕ್ಕೆ ಚಾಚುವಾಗ ಬೇಕಾಗುವುದು ಇದೇ ಸ್ಥಿತಿ.

ಇನ್ನು ರಬ್ಬರ್ ಪಟ್ಟಿ. ಕಿಟಕಿ ಸರಳಿಗೆ ಕಟ್ಟಿ, ಸೊಂಟ ಬಗ್ಗಿಸಿ, ಈಜಿನ ಹಾಗೆ ಎಳೆಯುವ ಈ ವ್ಯಾಯಾಮವನ್ನು ಬಹಳ ಜನ ಮಾಡುತ್ತಾರೆ. ಅದರೊಳಗಿನ ಭೌತಶಾಸ್ತ್ರ ತಿಳಿದರೆ ಮಾಡುವ ಬಗೆ ಬದಲಾಗುತ್ತದೆ. ಪಟ್ಟಿ ಹಿಗ್ಗಿದಷ್ಟೂ ಅದರ ಎಳೆತ ಹೆಚ್ಚು, ಅಂದರೆ ಎಳೆತದ ಕೊನೆಯಲ್ಲೇ ಶ್ರಮ ಜಾಸ್ತಿ. ನೀರಿನ ತಡೆ ಕೈ ಎಷ್ಟು ದೂರ ಬಂತೆಂಬುದನ್ನು ಕೇಳುವುದಿಲ್ಲ, ಎಷ್ಟು ವೇಗವಾಗಿ ಬಂತೆಂಬುದನ್ನು ಕೇಳುತ್ತದೆ. ಕೋಚ್‌ಗಳು ಕ್ಯಾಚ್ ಎನ್ನುವ ಮೊದಲ ಘಟ್ಟದಲ್ಲಿ ಮೊಣಕೈ ಮೇಲೆಯೇ ಉಳಿದು ಮುಂಗೈ ಕೆಳಕ್ಕೆ ತಿರುಗಿ ನೀರನ್ನು ಹಿಡಿಯಬೇಕು. ಪಟ್ಟಿ ಜೋಲಾಡುವುದು ಸರಿಯಾಗಿ ಆ ಘಟ್ಟದಲ್ಲಿ. ಅದಕ್ಕೇ ಎರಡು ಹೆಜ್ಜೆ ಹಿಂದೆ ಸರಿದು, ಕೈ ಮುಂದಿರುವಾಗಲೇ ಪಟ್ಟಿ ಬಿಗಿಯಾಗಿರುವಂತೆ ನಿಲ್ಲಬೇಕು. ಮೊಣಕೈ ಕುಸಿದ ಕ್ಷಣವೇ ಆ ಸುತ್ತು ಮುಗಿಯಿತೆಂದು ತಿಳಿಯಿರಿ. ಸುಸ್ತಾದ ಮೇಲೆ ಎಳೆಯುವ ಒಂದೊಂದು ಎಳೆತವೂ ತಪ್ಪನ್ನೇ ರೂಢಿ ಮಾಡಿಸುತ್ತದೆ. ಪಟ್ಟಿ ಕೈಯನ್ನು ಸೆಳೆದೊಯ್ಯಲು ಬಿಡದೆ ನಿಧಾನವಾಗಿ ಹಿಂದಿರುಗಿಸಿ. ಪಟ್ಟಿ ತೆಳುವಾಗಿರಲಿ. ಗೋವಾದ ಈಜು ಹವ್ಯಾಸಿಗೆ ಮುಕ್ಕಾಲು ಗಂಟೆಯ ಕೆಲಸ, ಅಲ್ಲಿ ಬೇಕಾಗುವುದು ಜಟ್ಟಿಯ ಬಲವಲ್ಲ, ತಾಳಿಕೆ. ಅದೇ ಪಟ್ಟಿಯಲ್ಲಿ ಮೊಣಕೈಯನ್ನು ಪಕ್ಕೆಗೆ ಒತ್ತಿ ಮುಂಗೈ ಹೊರಕ್ಕೆ ತಿರುಗಿಸುವ ವ್ಯಾಯಾಮವನ್ನೂ ತಪ್ಪಿಸಬೇಡಿ. ಭುಜದ ಕೀಲನ್ನು ಕಾಯುವ ಸಣ್ಣ ಸ್ನಾಯುಗಳಿಗೆ ಅದು ಬೇಕು.

ಉಸಿರಿನ ವಿಷಯಕ್ಕೆ ಒಂದು ಬೋಗುಣಿ ನೀರು ಸಾಕು. ಹೊಸಬರಿಗೆ ನೀರಿನಲ್ಲಿ ಉಸಿರುಗಟ್ಟಿದಂತಾಗುವುದು ಆಮ್ಲಜನಕ ಮುಗಿದುದರಿಂದಲ್ಲ, ಗಾಳಿಯನ್ನು ಹೊರಬಿಡದೆ ಹಿಡಿದಿಟ್ಟುಕೊಳ್ಳುವುದರಿಂದ. ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿದಾಗ ಮೆದುಳು ಉಸಿರಾಡು ಎಂದು ಒತ್ತಾಯಿಸುತ್ತದೆ. ಬೋಗುಣಿಯಲ್ಲಿ ಮುಖ ಅದ್ದಿ, ಮೂಗಿನಿಂದ ಒಂದೇ ಸಮನೆ ಗುಳ್ಳೆ ಬಿಡುತ್ತಾ, ಒಂದು ಕಿವಿ ನೀರಿನಲ್ಲೇ ಉಳಿಯುವಂತೆ ತಲೆ ಪಕ್ಕಕ್ಕೆ ತಿರುಗಿಸಿ ಉಸಿರೆಳೆದುಕೊಳ್ಳುವ ಅಭ್ಯಾಸ ಮಾಡಿ. ತಲೆ ಎತ್ತದೆ ತಿರುಗಿಸುವ ರೂಢಿ ಬಂದರೆ ಕಾಲು ಮುಳುಗುವ ತೊಂದರೆಯೂ ಅರ್ಧ ಕಡಿಮೆಯಾಗುತ್ತದೆ. ಅಭ್ಯಾಸ ಮುಗಿದೊಡನೆ ನೀರು ಚೆಲ್ಲಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ತುಂಬಿದ ಬಕೆಟ್ಟೂ ಜೀವ ತೆಗೆಯುತ್ತದೆ.

ಉಸಿರು ಕಟ್ಟುವ ಸಾಹಸ ಮಾತ್ರ ಬೇಡ. ಭಸ್ತ್ರಿಕೆಯಂತೆ ಜೋರಾಗಿ ಉಸಿರಾಡಿ ನೀರಿಗೆ ಧುಮುಕುವವರಿದ್ದಾರೆ. ಅದರಿಂದ ಆಮ್ಲಜನಕದ ದಾಸ್ತಾನು ಹೆಚ್ಚುವುದು ತೀರಾ ಕಡಿಮೆ, ಇಂಗಾಲದ ಡೈ ಆಕ್ಸೈಡ್ ಮಾತ್ರ ಇಳಿಯುತ್ತದೆ. ಎಚ್ಚರಿಸುವ ಗಂಟೆ ತಡವಾಗಿ ಬಾರಿಸುವುದರಿಂದ, ಉಸಿರು ಬೇಕೆನಿಸುವ ಮೊದಲೇ ಪ್ರಜ್ಞೆ ತಪ್ಪಬಹುದು. ನುರಿತ ಈಜುಗಾರರೂ ಹೀಗೆ ಸತ್ತಿದ್ದಾರೆ. ಕೊಳವಿಲ್ಲವೆಂದು ಕೃಷಿಹೊಂಡಕ್ಕೆ ಇಳಿಯುವುದೂ ಅಷ್ಟೇ ಅಪಾಯ. ಪ್ಲಾಸ್ಟಿಕ್ ಹಾಸಿದ ಅದರ ಇಳಿಜಾರು ಒದ್ದೆಯಾದರೆ ಕಾಲೂರಲಾಗದು, ಈಜು ಬಲ್ಲವರಿಗೂ ಮೇಲೆ ಹತ್ತಲಾಗದು.

ಇಷ್ಟೆಲ್ಲ ಎಚ್ಚರಿಕೆ ಏಕೆಂದರೆ ಟ್ರಯಥ್ಲಾನ್‌ನಲ್ಲಿ ಅತಿ ಚಿಕ್ಕ ಭಾಗವಾದ ಈಜೇ ಅತಿ ಹೆಚ್ಚು ಜೀವ ತೆಗೆದಿದೆ. ಅಮೆರಿಕದಲ್ಲಿ 1985ರಿಂದ 2016ರವರೆಗಿನ ಟ್ರಯಥ್ಲಾನ್‌ಗಳಲ್ಲಿ ಸಂಭವಿಸಿದ ಸಾವು ಮತ್ತು ಹೃದಯಸ್ತಂಭನಗಳನ್ನು ಸಂಶೋಧಕರು ಕಲೆಹಾಕಿದಾಗ ಸಿಕ್ಕ 135 ಪ್ರಕರಣಗಳಲ್ಲಿ 90 ನಡೆದದ್ದು ಈಜಿನ ಹೊತ್ತಿನಲ್ಲಿ. ನಲವತ್ತು ದಾಟಿದವರು ಹೆಸರು ಕೊಡುವ ಮೊದಲೇ ಹೃದಯ ತಪಾಸಣೆ ಮಾಡಿಸಿಕೊಳ್ಳಿ. ಮನೆಯ ತಾಲೀಮು ಮುಂದುವರಿಯಲಿ. ಅದರ ಜೊತೆಗೆ ತಿಂಗಳಿಗೆರಡು ಬಾರಿಯಾದರೂ ಪಕ್ಕದ ಜಿಲ್ಲೆಯ ಕೊಳಕ್ಕೆ ಬಸ್ಸು ಹತ್ತಿ. ಸ್ಪರ್ಧೆಗೆ ಮುನ್ನ, ಜೊತೆಗಾರರ ಕಾವಲಿನಲ್ಲಿ, ತೆರೆದ ನೀರಿನಲ್ಲಿ ಪೂರ್ತಿ ದೂರ ಒಮ್ಮೆಯಾದರೂ ಈಜಿರಬೇಕು. ಅದು ಸಾಧ್ಯವಾಗದಿದ್ದರೆ ಈ ವರ್ಷ ಹೆಸರು ಹಿಂದಕ್ಕೆ ಪಡೆದು, ಮುಂದಿನ ವರ್ಷ ಹೋಗಿ.