ಡಿಜಿಟಲ್ ಕೀಲಿಕೈ ಯಾರ ವಶದಲ್ಲಿದೆ?
(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ)



ಗ್ರಾಮ ಪಂಚಾಯಿತಿಯ ತೆರಿಗೆ ಲೆಕ್ಕವು ಪಂಚತಂತ್ರದಲ್ಲಿ, ನಮೂನೆ-9 ಮತ್ತು ನಮೂನೆ-11 ಇ-ಸ್ವತ್ತಿನಲ್ಲಿ, ಹಣಕಾಸು ಆಯೋಗದ ಅನುದಾನದ ಪಾವತಿಯು 2020ರಲ್ಲಿ ಜಾರಿಗೆ ಬಂದ ಇ-ಗ್ರಾಮ್ ಸ್ವರಾಜ್‌ನಲ್ಲಿ ನಿರ್ವಹಣೆಯಾಗುತ್ತಿವೆ. ಬೀರುವಿನ ಕೀಲಿಕೈ, ಮೊಹರು ಹಾಗೂ ಚೆಕ್ ಪುಸ್ತಕ ಯಾರ ವಶದಲ್ಲಿವೆ ಎಂದು ಹಿಂದೆ ಸದಸ್ಯರು ವಿಚಾರಿಸುತ್ತಿದ್ದರು. ಅದೇ ಪ್ರಶ್ನೆಯನ್ನು ಇಂದು ಲಾಗಿನ್ ಮತ್ತು ಡಾಂಗಲ್ ಕುರಿತು ಕೇಳಬೇಕಾಗಿದೆ.

1. ಗುರುತು ಮತ್ತು ಅಧಿಕಾರ

ಲಾಗಿನ್ ಆಗುವವರನ್ನು ತಂತ್ರಾಂಶವು ಎರಡು ವಿಷಯಗಳಲ್ಲಿ ಪರಿಶೀಲಿಸುತ್ತದೆ: ಇವರು ಯಾರು, ಇವರಿಗೆ ಯಾವ ಕೆಲಸದ ಅಧಿಕಾರವಿದೆ. ಕರ ವಸೂಲಿಗಾರರು ರಸೀದಿ ನೀಡಬಹುದು. ಇ-ಸ್ವತ್ತಿನ ನಮೂನೆಗೆ ಡಿಜಿಟಲ್ ಸಹಿ ಮಾಡುವವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು. ದೊಡ್ಡ ಸಂಸ್ಥೆಗಳಲ್ಲಿ ಈ ಪರಿಶೀಲನೆಗೆಂದೇ ಪ್ರತ್ಯೇಕ ಸರ್ವರ್ ಇರುತ್ತದೆ. ಕೀಕ್ಲೋಕ್‌ನಂತಹ ಮುಕ್ತ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಅದನ್ನು 'ಕಂಟೇನರ್' ರೂಪದಲ್ಲಿ, ಅಂದರೆ ಅಗತ್ಯ ಸಾಮಗ್ರಿಯೆಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿಟ್ಟಂತೆ, ಸ್ವಂತ ಕಂಪ್ಯೂಟರಿನಲ್ಲಿಯೇ ಸ್ಥಾಪಿಸಬಹುದು. ಆದರೆ ಅದಕ್ಕೆ ನಿರಂತರ ವಿದ್ಯುತ್, ಬ್ಯಾಕಪ್ ಹಾಗೂ ಸಕಾಲಿಕ ಅಪ್‌ಡೇಟ್ ಬೇಕು. ಮೇಲ್ಕಂಡ ತಂತ್ರಾಂಶಗಳ ಲಾಗಿನ್ ವ್ಯವಸ್ಥೆಯನ್ನು ಸರ್ಕಾರವೇ ನಿರ್ವಹಿಸುವುದರಿಂದ ಪಂಚಾಯಿತಿಗಳಿಗೆ ಈ ಹೊಣೆಯಿಲ್ಲ.

ಆದರೂ ಎಂತಹ ಸುಭದ್ರ ಸರ್ವರಿಗೂ ಒಂದು ಮಿತಿಯಿದೆ. ಸರಿಯಾದ ಪಾಸ್‌ವರ್ಡ್ ಮತ್ತು ಡಾಂಗಲ್ ಬಳಸಿದವರು ನಿಜವಾಗಿ ಯಾರೆಂಬುದನ್ನು ಅದು ಕಾಣಲಾರದು. ಆ ಭಾಗದ ಕಾವಲು ನಮ್ಮದೇ.

2. ಜೋಡಿ ಬೀಗ

ಖಜಾನೆಯ ಭದ್ರತಾ ಕೊಠಡಿಗೆ ಎರಡು ಬೀಗಗಳಿದ್ದು, ಕೀಲಿಕೈಗಳು ಇಬ್ಬರ ಬಳಿ ಇರುತ್ತವೆ. ಇ-ಗ್ರಾಮ್ ಸ್ವರಾಜ್ ಪಾವತಿಯ ಕ್ರಮವೂ ಅದೇ: ಒಬ್ಬರು ಪಾವತಿಯನ್ನು ಸಿದ್ಧಪಡಿಸಿ ಸಹಿ ಮಾಡಬೇಕು, ಮತ್ತೊಬ್ಬರು ಪರಿಶೀಲಿಸಿ ಸಹಿ ಮಾಡಬೇಕು. ಅಧ್ಯಕ್ಷರ ಹಾಗೂ ಅಭಿವೃದ್ಧಿ ಅಧಿಕಾರಿಗಳ ಡಾಂಗಲ್‌ಗಳೆರಡೂ ಒಂದೇ ಮೇಜಿನ ಡ್ರಾಯರಿನಲ್ಲಿದ್ದು, ಪಿನ್ ಚೀಟಿಯಲ್ಲಿ ಬರೆದು ಅಂಟಿಸಿದ್ದರೆ ಜೋಡಿ ಬೀಗವು ಹೆಸರಿಗಷ್ಟೇ ಉಳಿಯುತ್ತದೆ.

ಹನೂರಿನ ಮಲೆ ಪ್ರದೇಶದಲ್ಲಾಗಲಿ ಬಿಳಿಗಿರಿರಂಗನ ಬೆಟ್ಟದ ಭಾಗದಲ್ಲಾಗಲಿ ನೆಟ್‌ವರ್ಕ್ ದೊರೆಯದಾಗ, ಡಾಂಗಲನ್ನು ಪರರ ಕೈಯಲ್ಲಿ ತಾಲ್ಲೂಕು ಕೇಂದ್ರಕ್ಕೆ ಕಳುಹಿಸುವುದು ಸುಲಭವೆನಿಸಬಹುದು. ಮಹಿಳಾ ಅಧ್ಯಕ್ಷರ ಡಾಂಗಲ್ ಮನೆಯವರ ಜೇಬಿನಲ್ಲಿರುವುದು ಸಹಜವೆನಿಸಬಹುದು. ಇವೆರಡೂ ಖಾಲಿ ಚೆಕ್ಕಿಗೆ ಸಹಿ ಮಾಡಿಕೊಟ್ಟಂತೆ. ಮತದಾರರು ಅಧಿಕಾರ ನೀಡಿರುವುದು ಚುನಾಯಿತರಿಗೆ. ಅದನ್ನು ಇತರರಿಗೆ ದಾಟಿಸಲು ಅವಕಾಶವಿಲ್ಲ.

3. ಕಾನೂನು ಏನು ಹೇಳುತ್ತದೆ?

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಪ್ರಕರಣ 5ರಂತೆ ಡಿಜಿಟಲ್ ಸಹಿಗೆ ಕೈಬರಹದ ಸಹಿಯಷ್ಟೇ ಮಾನ್ಯತೆಯಿದೆ. ಪ್ರಕರಣ 42ರಂತೆ ಸಹಿಯ ಕೀಲಿಯನ್ನು ಜೋಪಾನವಾಗಿ ತಮ್ಮ ವಶದಲ್ಲಿಟ್ಟುಕೊಳ್ಳುವುದು ಸಹಿದಾರರ ಕರ್ತವ್ಯ. ಕೀಲಿಯು ಕೈತಪ್ಪಿದಲ್ಲಿ ಪ್ರಮಾಣಪತ್ರ ನೀಡಿದ ಸಂಸ್ಥೆಗೆ ವಿಳಂಬವಿಲ್ಲದೆ ತಿಳಿಸಬೇಕು. ತಿಳಿಸುವವರೆಗೂ ಹೊಣೆ ಅವರದೇ. ಇತರರ ಸಹಿ ಅಥವಾ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದವರಿಗೆ ಪ್ರಕರಣ 66ಸಿ ಅನ್ವಯ 3 ವರ್ಷಗಳವರೆಗೆ ಕಾರಾಗೃಹವಾಸ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾಗಿದೆ.

4. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಅ) ಪಂಚಾಯಿತಿಯಲ್ಲಿ ಎಷ್ಟು ಲಾಗಿನ್‌ಗಳಿವೆ? ಪ್ರತಿಯೊಂದೂ ಯಾರ ಹೆಸರಿನಲ್ಲಿದೆ?
ಆ) ವರ್ಗಾವಣೆಯಾದ ಅಥವಾ ಕೆಲಸ ಬಿಟ್ಟ ಸಿಬ್ಬಂದಿಯ ಲಾಗಿನ್ ರದ್ದಾಗಿದೆಯೇ?
ಇ) ಅಧ್ಯಕ್ಷರು ಬದಲಾದಾಗ ಹಿಂದಿನವರ ಡಿಜಿಟಲ್ ಸಹಿಯ ನೋಂದಣಿಯನ್ನು ತೆಗೆಯಲಾಗಿದೆಯೇ?
ಈ) ಒ.ಟಿ.ಪಿ. ಬರುವ ಮೊಬೈಲ್ ಸಂಖ್ಯೆ ಈಗಿನ ಅಧಿಕೃತರದೇ?
ಉ) ಕಳೆದ ಸಭೆಯ ನಂತರ ಆದ ಪಾವತಿಗಳು ಸಭೆಯ ನಡಾವಳಿಗೆ ಅನುಗುಣವಾಗಿವೆಯೇ?

ಈ ಪ್ರಶ್ನೆಗಳಿಗೆ ಕಂಪ್ಯೂಟರ್ ಜ್ಞಾನ ಬೇಕಿಲ್ಲ. ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸಿದರೆ, ಮುಂದೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದಾಗ ಸಹಿ ಮಾಡಿದವರಿಗೂ ಪಂಚಾಯಿತಿಗೂ ಅದೇ ರಕ್ಷಣೆಯಾಗುತ್ತದೆ. ಮುಂದಿನ ಸಾಮಾನ್ಯ ಸಭೆಯಲ್ಲಿಯೇ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳುವಂತೆ ಕೋರಲಾಗಿದೆ.